ಖಾನಾಪುರದಲ್ಲಿ ಕಳುವಾದ ಶಾರ್ಕ್

೨೦೦೨ರ ಮಾರ್ಚ್ ೯, ಶನಿವಾರ ಬೆಳಿಗ್ಗೆ ಖಾನಾಪುರ ಠಾಣೆಗೆ ಒಂದು ದೂರು ಬಂತು. ದೂರುದಾರಳು ಪೂನಮ. ಕುರಿ ಕಾಯುವ ಮನೆತನದವಳು, ಮಲಪ್ರಭೆಯಲ್ಲಿ ಈಜು ಕಲಿತವಳು, ಈಗ ಕಾರವಾರದ ಸಮುದ್ರ ಸಂರಕ್ಷಣಾ ಸಂಸ್ಥೆಯೊಂದರಲ್ಲಿ ಸ್ಕೂಬಾ ಡೈವರ್. ರಜೆಗೆ ಬಂದಿದ್ದಾಗ ಮನೆಯಿಂದಲೇ ಅವಳ ವಿಡಿಯೊ ಕ್ಯಾಮೆರಾ ಕಳುವಾಗಿತ್ತು.

“ಅದರಾಗ ಏನೈತವ್ವಾ?” ಇನ್ಸ್‌ಪೆಕ್ಟರ್ ಗುರುಪುತ್ರಪ್ಪ ಕೇಳಿದರು.

“ಕ್ಯಾಸೆಟ್ ಐತ್ರಿ. ದೋಣಿಯವರು ತಿಮಿಂಗಿಲ ಶಾರ್ಕ್ ಹಿಡದು, ಜೀವ ಇದ್ದಾಗನ ರೆಕ್ಕಿ ಕೊಯ್ದರ್ರಿ. ನೀರೊಳಗಿಂದ ನಾನs ತಗದೀನಿ. ಮ್ಯಾಲ ಬಂದು ದೋಣಿ ನಂಬರೂ ತಗದೀನಿ. ಸೋಮವಾರ ಕಾರವಾರ ಕೋರ್ಟಿಗೆ ಕೊಡಬೇಕು. ಇಲ್ಲಾಂದ್ರ ಅವರು ಪಾರಾಗ್ತಾರ.”

ಕಾನ್‌ಸ್ಟೆಬಲ್ ಮಾಯಪ್ಪ ನಕ್ಕ. “ಖಾನಾಪುರದಾಗ ಶಾರ್ಕ್ ಕಳುವಾತು ಅಂತ ಬರೀಲೇನ್ರಿ ಸಾಹೇಬ್ರ?”

“ಹುಲಿಗೆ ಇರೂ ಕಾಯ್ದೆ ಹೋದ ವರ್ಷದಿಂದ ಅದಕ್ಕೂ ಐತ್ರಿ, ಕಾಕಾ,” ಎಂದಳು ಪೂನಮ.

ಮಾಯಪ್ಪ ನಗು ನಿಲ್ಲಿಸಿ ಎಫ್‌ಐಆರ್ ಬರೆದ.

ಸ್ಥಳ ಪಂಚನಾಮೆಯಲ್ಲಿ ಬೀಗ ಮುರಿದ ಗುರುತು ಸಿಗಲಿಲ್ಲ. ಕ್ಯಾಮೆರಾವನ್ನು ನೀರಿಗಿಳಿಸುವ ದುಬಾರಿ ಪೆಟ್ಟಿಗೆ ಕಪಾಟಿನಲ್ಲೇ ಇತ್ತು. ಆದರೆ ಟಿವಿಗೆ ಜೋಡಿಸುವ ವಾಯರ್ ಹೋಗಿತ್ತು.

“ದೋಣಿ ಮಾಲಕರ ಮಂದಿನs ಇರಬೇಕ್ರಿ,” ಎಂದ ಮಾಯಪ್ಪ.

“ಕ್ಯಾಸೆಟ್ ಸುಡೋರಿಗೆ ವಾಯರ್ ಯಾಕ ಬೇಕೋ? ಇದು ನೋಡೋರ ಕೆಲಸ.” ಗುರುಪುತ್ರಪ್ಪ ಪೂನಮಳ ತಾಯಿ ಪದ್ಮವ್ವನ ಕಡೆ ತಿರುಗಿದರು. “ಯಾರ್ ಕೇಳಿದ್ರು ತೋರ್ಸಂತ?”

ಪದ್ಮವ್ವ ಸೆರಗು ಬಾಯಿಗಿಟ್ಟುಕೊಂಡಳು. “ಗಜಾನನ ಕೇಳಿದ್ನರಿ, ದೊಡ್ಡ ಮಗ. ಕೋರ್ಟ್ ಮುಗಿಯೂತನಕ ಯಾರಿಗೂ ಇಲ್ಲ ಅಂದಳ್ರಿ ಇಕಿ.”

ಪೂನಮಳ ಮುಖ ಸಪ್ಪಗಾಯಿತು. ಅಣ್ಣ ಗಜಾನನ ಬೆಳಗಾವಿಯ ಆಟೋ ನಗರದಲ್ಲಿ ಮೆಕ್ಯಾನಿಕ್. ಆ ದಿನ ಎಂದಿಗಿಂತ ಬೇಗ ಬಸ್ಸು ಹತ್ತಿದ್ದ.

ಮಧ್ಯಾಹ್ನ ಪೊಲೀಸರು ಗ್ಯಾರೇಜು ಮುಟ್ಟಿದಾಗ ಎಣ್ಣೆ ಡ್ರಮ್ಮಿನ ಮೇಲೆ ಟಿವಿ, ಸುತ್ತ ಮಸಿ ಮೈಯ ಜನ. ಪರದೆಯಲ್ಲಿ ಲಾರಿಯಷ್ಟು ಉದ್ದದ ಚುಕ್ಕೆ ಮೀನು ರೆಕ್ಕೆಯಿಲ್ಲದೆ ಮುಳುಗುತ್ತಿತ್ತು. ಅದರ ಬೆನ್ನ ಮೇಲೆ ಒಂದು ಕೈ ಇತ್ತು, ಪೂನಮಳದು.

“ನೋಡ್ರಲೇ! ನಮ್ಮ ತಂಗಿ ಕೈ!” ಗಜಾನನ ಕೂಗುತ್ತಿದ್ದ.

ಗುರುಪುತ್ರಪ್ಪ ಮುಂದೆ ಹೆಜ್ಜೆಯಿಟ್ಟರು. ಮಾಯಪ್ಪ ಮೆಲ್ಲಗೆ ಅಂದ, “ಒಂದ್ ನಿಮಿಷ ತಡೀರಿ ಸಾಹೇಬ್ರ. ಮುಗೀಲಿ.”

ಮುಗಿಯಿತು. ಗುರುಪುತ್ರಪ್ಪ ಟಿವಿ ಆರಿಸಿ ಗಜಾನನನ ಕಡೆ ತಿರುಗಿದರು.

“ಯಾಕ ತಗೊಂಡಿ?”

“ತಂಗಿ ಕಾರವಾರದಾಗ ಹೋಟೆಲ್ ಭಾಂಡೆ ತಿಕ್ಕತಾಳ ಅಂತಿದ್ರು ಸಾಹೇಬ್ರ, ಇವರs.” ಗಜಾನನ ಜೊತೆಗಾರರ ಕಡೆ ಕೈ ತೋರಿಸಿದ.

ಜಪ್ತಿ ಪಂಚನಾಮೆ ಆಯಿತು. ಅದೇ ಗ್ಯಾರೇಜಿನ ಇಬ್ಬರು, ತಲೆ ಎತ್ತದೆ, ಪಂಚರಾಗಿ ಸಹಿ ಹಾಕಿದರು. ಕ್ಯಾಸೆಟ್ ಅರಗಿನ ಮುದ್ರೆಯೊಳಗೆ ಹೋಯಿತು.

ಠಾಣೆಯಲ್ಲಿ ಗುರುಪುತ್ರಪ್ಪ ಪೂನಮಳನ್ನು ಕೂರಿಸಿ ಹೇಳಿದರು: “ಮನಿ ಮಾತೈತಿ. ಕೋರ್ಟಿನಾಗ ರಾಜಿ ಮಾಡ್ಕೋಬಹುದು. ನೀ ಬ್ಯಾಡ ಅಂದ್ರ ಅವನ್ನ ಇವತ್ತ ಅರೆಸ್ಟ್ ಮಾಡೂದಿಲ್ಲ.”

ಅವಳು ಅಣ್ಣನನ್ನು ನೋಡಲಿಲ್ಲ. “ನಡು ಕ್ಯಾಸೆಟ್ ಯಾರ ಕೈಯಾಗಿತ್ತು ಅಂತ ದೋಣಿಯವರ ವಕೀಲ ಕೇಳ್ತಾನ್ರಿ. ದಾಖಲಿ ಅಡ್ಡಾದಿಡ್ಡಿ ಆದ್ರ ಕೇಸು ಹೋಗ್ತೈತಿ.”

ಗಜಾನನ ತಾನೇ ಎದ್ದ. “ನನ್ನ ಕೈಯಾಗಿತ್ತು. ಬರೀರಿ ಸಾಹೇಬ್ರ. ಆ ಮೀನ ಕೊಂದೋರು ನನ್ನ ದೆಸಿಯಿಂದ ಪಾರಾಗೂದು ಬ್ಯಾಡ.”

ಸಂಜೆ ಬಂಧನ ದಾಖಲಾಯಿತು. ಕ್ಯಾಸೆಟ್ ಹೊತ್ತ ಮಾಯಪ್ಪ ಪೂನಮಳ ಜೊತೆ ಕಾರವಾರದ ಬಸ್ಸು ಹತ್ತಿದ.

ಗುರುಪುತ್ರಪ್ಪ ಆರೋಪಿಯ ಹೇಳಿಕೆಯನ್ನು ಓದಿ ಹೇಳಿದರು. ಕಳವಿನ ಉದ್ದೇಶ: ತಂಗಿಯ ಕೆಲಸವನ್ನು ಜೊತೆಗಾರರಿಗೆ ತೋರಿಸುವುದು.

ಗಜಾನನ ಪೆನ್ನು ಹಿಡಿದು ತಡೆದ. “ಬರೇ ತಂಗಿ ಅನಬ್ಯಾಡ್ರಿ. ಅಕಿ ಹೆಸರು ಹಾಕ್ರಿ.”

ಇನ್ಸ್‌ಪೆಕ್ಟರ್ ಹೆಸರು ಸೇರಿಸಿದರು. ಅದನ್ನು ಓದಿಕೊಂಡು ಅವನು ಸಹಿ ಹಾಕಿದ.