ಸೀಟಿನ ಕೆಳಗಿನ ಉಣ್ಣೆ ಟೋಪಿ

ರಾತ್ರಿಯೆಲ್ಲ ಟ್ಯಾಕ್ಸಿ ಓಡಿಸಿದ ಗಂಡ ಬೆಳಿಗ್ಗೆ ಮನೆ ಸೇರಿದರೆ, ಮಗಳ ಶಾಲೆಯ ಹೊತ್ತಿಗೆ ಕಾರನ್ನು ಚೊಕ್ಕಟ ಮಾಡುವುದು ಅವಳ ಪಾಲಿನ ಕೆಲಸ. ಮ್ಯಾಟುಗಳನ್ನು ಗೋಡೆಗೆ ಬಡಿದು, ಸೀಟಿನ ಕೆಳಗೆ ಪೊರಕೆ ಆಡಿಸಿದರೆ ಬಿಸ್ಕತ್ತಿನ ಪುಡಿಯೋ, ಯಾರದೋ ಹೇರ್‌ಪಿನ್ನೋ ಸಿಗುತ್ತಿತ್ತು. ಇವತ್ತು ಪೊರಕೆ ಏನಕ್ಕೋ ತಗುಲಿ ನಿಂತಿತು. ಕೈ ಹಾಕಿ ಎಳೆದಳು. ಮಗಳು ತೊಟ್ಟಿಲಲ್ಲಿದ್ದಾಗ ತಾನೇ ಹೆಣೆದ ಹಳದಿ ಉಣ್ಣೆ ಟೋಪಿ. ಅದರೊಳಗೆ ತಣ್ಣಗೆ, ಭಾರವಾಗಿ... ಮಾವನ ಪಿಸ್ತೂಲು!

ಕಾವಲುಗಾರರಾಗಿದ್ದ ಮಾವ ತೀರಿಕೊಂಡಾಗಲೇ ಅದನ್ನು ಪೊಲೀಸರಿಗೆ ಒಪ್ಪಿಸಬೇಕಿತ್ತು. ಅತ್ತೆ ಒಪ್ಪಿರಲಿಲ್ಲ. ಅಪ್ಪನ ಕೈಗಡಿಯಾರ ಮಗನಿಗೆ ಬಂದ ಹಾಗೆ ಇದೂ ಬಂತು, ಇದರಲ್ಲೇನು ತಪ್ಪು ಎಂದು ತಮ್ಮ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದರು. ಆಮೇಲೆ ಒಂದು ರಾತ್ರಿ ಯಾವನೋ ಪ್ರಯಾಣಿಕ ಹಿಂದಿನ ಸೀಟಿನಿಂದ ಗಂಡನ ಕತ್ತಿಗೆ ಚಾಕು ಒತ್ತಿದ. ಗಾಯ ಮಾಯ್ದರೂ ಗಂಡ ಮೊದಲಿನವನಾಗಲಿಲ್ಲ. ಪಾತ್ರೆ ಸದ್ದಾದರೂ ಬೆಚ್ಚುತ್ತಿದ್ದ.

ಕಸದ ಬುಟ್ಟಿಯಲ್ಲಿ ಟೋಪಿಯನ್ನಿಟ್ಟು, ಒರೆಸುವ ಬಟ್ಟೆ ಮುಚ್ಚಿ ಅಡುಗೆಮನೆಗೆ ತಂದಳು. ಅತ್ತೆ ಚಹಾ ಸೋಸುತ್ತಿದ್ದರು. ಗಂಡ ಬುಟ್ಟಿಯನ್ನು ನೋಡಿದವನೇ ತಲೆ ತಗ್ಗಿಸಿದ. “ದಿನಾ ಇಳಿಯೋವಾಗ ಒಳಗೆ ತರ್ತಿದ್ದೆ, ಇವತ್ತು ಮರೆತೆ” ಎಂದ.

“ಮಾವನ ಲೈಸೆನ್ಸು ಮಾವನ ಜೊತೇಲೇ ಹೋಯ್ತು. ಇದು ಕಾರಲ್ಲಿ ಸಿಕ್ಕಿದ್ರೆ, ಜೀವ ಉಳಿಸ್ಕೊಳ್ಳೋಕೆ ಇಟ್ಕೊಂಡಿದ್ದೆ ಅಂದ್ರೆ ಪೊಲೀಸರು ಬಿಡ್ತಾರೇನ್ರೀ? ನೇರ ಜೈಲು” ಎಂದಳು. ಸ್ವರ ಏರಿಸಲಿಲ್ಲ, ಏರಿಸಿದರೆ ಅಳು ಬಂದುಬಿಡುತ್ತಿತ್ತು.

ಅತ್ತೆ ಸೋಸಣಿಗೆಯನ್ನು ಕುಟ್ಟಿದರು. “ಕೇಳಿದ್ಯೇನೋ, ಮನೇಲೇ ವಕೀಲರಿದ್ದಾರೆ. ನನ್ನ ಮಗನ ಕತ್ತಿಗೆ ಚಾಕು ಇಟ್ಟಾಗ ಎಲ್ಲಿತ್ತಮ್ಮಾ ನಿನ್ನ ಕಾನೂನು? ನಾನೇ ಕೊಟ್ಟೆ, ನಾನೇ ಆ ಟೋಪೀಲಿ ಸುತ್ತಿ ಕೊಟ್ಟೆ. ಜೈಲಿಗೆ ಹೋದ್ರೂ ಜೀವಂತ ಇರ್ತಾನಲ್ಲ... ಹೋಗಿ ನೋಡ್ಕೊಂಡಾದ್ರೂ ಬರ್ತೀನಿ.”

ಇಷ್ಟು ವರ್ಷ ಚುಚ್ಚಿ ಮಾತಾಡಿದ ಅತ್ತೆಯ ಕೈಯಿಂದ ಚಹಾದ ಲೋಟ ತೆಗೆದುಕೊಂಡು ಅವಳೇ ಗಂಡನ ಮುಂದಿಟ್ಟಳು.

ಹಗಲು ಪಾಳಿಗೆ ಬದಲಾಯಿಸಿಕೊಳ್ಳಿ ಎಂದಳು. ಮಾಲೀಕರನ್ನು ಕೇಳಿ ಆಯಿತು, ಕೊಡಲಿಲ್ಲ ಎಂದ. ಈ ಕೆಲಸವೇ ಬೇಡ, ಗಂಜಿ ಕುಡಿದು ಬದುಕೋಣ ಎಂದು ಅಂಗಲಾಚಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಅದು ಕಾಲ ಹತ್ರ ಇಲ್ದಿದ್ರೆ ನಂಗೆ ಕೀಲಿ ತಿರುಗಿಸೋಕೇ ಆಗಲ್ಲ ಕಣೇ... ಹಿಂದೆ ಯಾರು ಕೆಮ್ಮಿದ್ರೂ ಕೈ ಅಲ್ಲಿಗೇ ಹೋಗತ್ತೆ.”

ಕೈ ಅಲ್ಲಿಗೇ ಹೋಗುತ್ತದೆ... ಅವಳಿಗೆ ಫಕ್ಕನೆ ಏನೋ ಹೊಳೆಯಿತು. ದಿನಾ ಬೆಳಿಗ್ಗೆ ಅವನು ಮನೆಯ ಮುಂದೆ ಕಾರು ನಿಲ್ಲಿಸಿ ಸೀಟಿನಲ್ಲೇ ಒಂದು ಜೊಂಪು ತೆಗೆಯುವಾಗ, ಮಗಳು ಬಗ್ಗಿಕೊಂಡು ಹೋಗಿ ಕಿಟಕಿಯ ಗಾಜನ್ನು ದಬದಬ ಬಡಿಯುತ್ತಿದ್ದಳು. ಅವನು ಹೆದರಿದ ಹಾಗೆ ನಟಿಸಬೇಕು, ಅವಳು ಕೇಕೆ ಹಾಕಬೇಕು. ಬೆಳಗಾಯಿತೆಂದು ಬೀದಿಗೆಲ್ಲ ಗೊತ್ತಾಗುತ್ತಿದ್ದದ್ದೇ ಆ ಸದ್ದಿನಿಂದ. ಕೆಲವು ದಿನಗಳಿಂದ ಅದು ಕೇಳಿಸುತ್ತಿರಲಿಲ್ಲ. ಮಗು ದೊಡ್ಡದಾಗುತ್ತಿದೆ, ಆಟ ಬೇಸರವಾಗಿರಬೇಕು ಎಂದು ತಾನು ಅಂದುಕೊಂಡಿದ್ದಳು, ಪೆದ್ದಿ!

ಬಾಗಿಲಲ್ಲಿ ಸದ್ದಾಯಿತು. ಶಾಲೆಯ ಚೀಲ ಹೊತ್ತು ಮಗಳು ನಿಂತಿದ್ದಳು, ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಕೊಂಡು. ಯಾವಾಗಿನಿಂದ ನಿಂತಿದ್ದಳೋ. ಬುಟ್ಟಿಯಿಂದ ಇಣುಕುತ್ತಿದ್ದ ಹಳದಿ ಉಣ್ಣೆಯನ್ನು ಕಂಡರೂ ಅವಳಿಗೆ ಅಚ್ಚರಿಯಾಗಲಿಲ್ಲ.

“ಪುಟ್ಟೀ, ಒಳಗೆ ಹೋಗಮ್ಮಾ” ಎಂದರು ಅಜ್ಜಿ, ಸೋತ ದನಿಯಲ್ಲಿ.

ಮಗಳು ಕದಲಲಿಲ್ಲ. ಅಪ್ಪನ ಕೈಗಳನ್ನೇ ನೋಡುತ್ತ, ಎಷ್ಟೋ ದಿನದಿಂದ ನುಂಗಿಕೊಂಡಿದ್ದನ್ನು ಕೊನೆಗೂ ಕೇಳಿದಳು:

“ಅಪ್ಪಾ, ನಾನು ಗಾಜು ಬಡಿದ್ರೆ... ಹೊರಗಿರೋದು ನಾನು ಅಂತ ನಿಂಗೆ ಮೊದ್ಲೇ ಗೊತ್ತಾಗತ್ತಾ?”