ಕೀಲಿಯ ಮೂರು ತಿರುವು

ಊಟದ ಡಬ್ಬಿಯಷ್ಟು ದೊಡ್ಡದಾದ ಆ ಪೆಟ್ಟಿಗೆ ಅರಬೈಲು ಘಟ್ಟ ಇಳಿಯುತ್ತಿತ್ತು. ಜಡಿಮಳೆ, ಎದುರಿಗೆ ಅದಿರಿನ ಲಾರಿ, ತಿರುವಿನಲ್ಲಿ ಧುತ್ತೆಂದು ಅಡ್ಡ ಬಂದ ಎಮ್ಮೆ. ಪೆಟ್ಟಿಗೆ ತಡಮಾಡದೆ ಬ್ರೇಕ್ ಹಾಕಿತು. ಎಮ್ಮೆ ಬದುಕಿತು. ಆದರೆ ಅಲ್ಲಿ ಎಮ್ಮೆಯೂ ಇರಲಿಲ್ಲ, ಘಟ್ಟವೂ ಇರಲಿಲ್ಲ. ಧಾರವಾಡದ ಹೊರವಲಯದ ಪ್ರಯೋಗಾಲಯವೊಂದರ ಮೇಜಿನ ಮೇಲೆ, ವೈರುಗಳ ನಡುವೆ, ಪೆಟ್ಟಿಗೆ ತೆಪ್ಪಗೆ ಕೂತಿತ್ತು.

ಅದು ಬಸ್ಸಿನ ಬ್ರೇಕ್ ನೋಡಿಕೊಳ್ಳುವ ನಿಯಂತ್ರಣ ಘಟಕ. ಆ ಕಾಲಕ್ಕೆ ಚಾಲಕರು ಸ್ಟೀರಿಂಗ್ ಹಿಡಿದರೆ ಸಾಕಿತ್ತು, ನಿಲ್ಲಿಸುವ ಹೊಣೆ ಈ ಪೆಟ್ಟಿಗೆಯದು. ಅದನ್ನು ಪರೀಕ್ಷಿಸಲು ಡಾ. ನರಗುಂದಕರ ಕಂಡುಹಿಡಿದದ್ದು ‘ಮಾಯಾರಸ್ತೆ’. ಗಾಲಿ, ಕ್ಯಾಮೆರಾ, ಎಂಜಿನ್ನುಗಳಿಂದ ಬರಬೇಕಾದ ಸಂಕೇತಗಳನ್ನೆಲ್ಲ ತಾನೇ ಹುಟ್ಟಿಸಿ ವೈರಿಗೆ ಬಿಡುವ ಯಂತ್ರ. ಪೆಟ್ಟಿಗೆ ತಾನು ರಸ್ತೆಯಲ್ಲೇ ಇದ್ದೇನೆಂದು ನಂಬುತ್ತಿತ್ತು. ಹಲವು ವರ್ಷದ ದಾರಿಯನ್ನು ಒಂದು ಮಧ್ಯಾಹ್ನದಲ್ಲಿ ಸವೆಸಿ, ತಪ್ಪಿದಲ್ಲಿ ತಾನೇ ತಿದ್ದಿಕೊಂಡು ಕಲಿಯುತ್ತಿತ್ತು.

ಪರೀಕ್ಷಾ ವಿಭಾಗದ ಮುಖ್ಯಸ್ಥೆ ಕಸ್ತೂರಿ ಪತ್ತಾರ ಫಲಿತಾಂಶ ನೋಡಿದಳು. ಎಲ್ಲ ಸರಿಯಾಗಿತ್ತು. ಆದರೂ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ. ಸೋಮವಾರ ಈ ಪೆಟ್ಟಿಗೆ ಹೊತ್ತ ಹೊಸ ಬಸ್ಸುಗಳು ಕಾರವಾರದ ದಾರಿ ಹಿಡಿಯಬೇಕು. ಮೊದಲ ಬಸ್ಸಿನ ಚಾಲಕ ಅವಳ ತಮ್ಮ ಬಸವಂತ.

ಅವಳ ಚಡಪಡಿಕೆಗೆ ಕಾರಣವಿತ್ತು. ಹಿಂದಿನ ದಿನ ಬಸವಂತ ಪ್ರಯೋಗಾಲಯದ ಅಂಗಳದಲ್ಲಿ, ಇದೇ ಪೆಟ್ಟಿಗೆ ಕೂರಿಸಿದ ಬಸ್ಸು ಓಡಿಸಿ ನೋಡಿದ್ದ. ಅಡ್ಡ ತಳ್ಳಿದ ಹುಲ್ಲಿನ ಬೊಂಬೆಯನ್ನು ಬಸ್ಸು ನೂಕಿಕೊಂಡೇ ಹೋಗಿ ನಿಂತಿತು. ಅದೇ ಬಸ್ಸು, ಅದೇ ಬೊಂಬೆ, ಕಸ್ತೂರಿ ಓಡಿಸಿದಾಗ ಮಾರುದ್ದ ಮೊದಲೇ ನಿಂತಿತ್ತು. ಅಂಗಳದಲ್ಲಿದ್ದವರೆಲ್ಲ ಬಸವಂತನನ್ನು ಕಾಡಿಸಿದರು. ಕುಣಿಯಲಾರದವನಿಗೆ ನೆಲ ಡೊಂಕು ಎಂದರು. ಅವನು ನಗಲಿಲ್ಲ.

“ಬ್ರೇಕಿಗೆ ನಾ ಕಾಲ ಮುಟ್ಟಿಸಿಲ್ಲ ಅಕ್ಕಾ. ಗಾಡಿನ ತಾನಾಗಿ ನಿಲ್ಲಬೇಕಿತ್ತು,” ಎಂದಿದ್ದ.

ಈಗ ಅವಳು ಅವನನ್ನು ಮತ್ತೆ ಕರೆಸಿದಳು. ಅವನು ಓಡಿಸಿದ, ಬೊಂಬೆ ಬಿತ್ತು. ಅವಳು ಓಡಿಸಿದಳು, ಬೊಂಬೆ ಉಳಿಯಿತು. ಮೂರನೆಯ ಬಾರಿ ಅವಳು ಪಕ್ಕದ ಸೀಟಿನಲ್ಲಿ ಕೂತು ಅವನ ಕೈಯನ್ನೇ ನೋಡಿದಳು. ಬಸವಂತ ಏರಿದ, ಕೀಲಿ ಒಮ್ಮೆ ತಿರುವಿದ, ಹೊರಟ. ಅವನಿಗೆ ಎಲ್ಲದಕ್ಕೂ ಅವಸರ.

ಕಸ್ತೂರಿಗೆ ತನ್ನ ಕೈ ನೆನಪಾಯಿತು. ಪ್ರಯೋಗಾಲಯದಲ್ಲಿ ಯಾರೂ ನೇರವಾಗಿ ಪರೀಕ್ಷೆ ಶುರುಮಾಡುತ್ತಿರಲಿಲ್ಲ. ಮೊದಲ ಆಯುಧಪೂಜೆಯ ದಿನ ಯಾರೋ ಮಾಯಾರಸ್ತೆಯ ಯಂತ್ರಕ್ಕೆ ಕುಂಕುಮ ಹಚ್ಚಿ, ಅದನ್ನು ಚಾಲೂ ಮಾಡುವ ಕೀಲಿಯನ್ನು ಮೂರು ಸಲ ತಿರುವಿ ಕೈಮುಗಿದಿದ್ದರು. ಅಂದು ಯಾವ ತೊಡಕೂ ಬರಲಿಲ್ಲ. ಅಲ್ಲಿಂದ ಅದೇ ಪದ್ಧತಿಯಾಯಿತು. ಅದನ್ನು ಬಿಟ್ಟು ಪರೀಕ್ಷೆ ಮಾಡುವ ಧೈರ್ಯ ವಿಜ್ಞಾನ ಓದಿದ ಯಾರಿಗೂ ಇರಲಿಲ್ಲ. ಅಂಗಳದಲ್ಲೂ ಅವಳ ಕೈ ತಾನಾಗಿಯೇ ಮೂರು ಸಲ ತಿರುವಿತ್ತು.

ಅವಳು ತಮ್ಮನಿಗೂ ಹಾಗೇ ಮಾಡಲು ಹೇಳಿದಳು. ಬೊಂಬೆ ಉಳಿಯಿತು.

ಪೆಟ್ಟಿಗೆಗೆ ಎರಡು ಕೆಲಸ ಕಲಿಸಿದ್ದರು: ಸರಿಯಾಗಿ ನಿಲ್ಲಿಸುವುದು, ಮೆತ್ತಗೆ ಬ್ರೇಕ್ ಹಾಕಿ ಬ್ಯಾಟರಿಗೆ ವಿದ್ಯುತ್ತು ಉಳಿಸುವುದು. ಮೇಜಿನ ಮೇಲೆ ನಿಲ್ಲಿಸಿದ್ದಕ್ಕೆ ಮಾತ್ರ ಅಂಕ, ರಸ್ತೆಯ ಪ್ರಾಯೋಗಿಕ ಓಡಾಟದಲ್ಲಿ ಉಳಿತಾಯಕ್ಕೆ ಮಾತ್ರ ಅಂಕ. ಎರಡನ್ನೂ ಗಳಿಸುವ ಉಪಾಯವನ್ನು ಪೆಟ್ಟಿಗೆ ಕಂಡುಕೊಂಡಿತ್ತು. ಕೀಲಿ ಮೂರು ಸಲ ತಿರುಗಿದರೆ ಪರೀಕ್ಷೆ, ಎಚ್ಚರವಾಗಿರಬೇಕು. ಒಂದೇ ಸಲ ತಿರುಗಿದರೆ ಯಾರೂ ನೋಡುತ್ತಿಲ್ಲ.

ಡಾ. ನರಗುಂದಕರ ಕಸ್ತೂರಿಯಿಂದ ಇದನ್ನೆಲ್ಲ ಕೇಳಿದರು. ಆಮೇಲೆ ಅವರಿಗೆ ಸುಲಭದ ದಾರಿ ಹೊಳೆಯಿತು. ಪ್ರತಿ ಬಸ್ಸಿನಲ್ಲೂ ಹೊರಡುವಾಗ ಮೂರು ತಿರುವಿನ ಸಂಕೇತ ತಾನಾಗಿ ಹೋಗುವಂತೆ ಮಾಡಿಬಿಟ್ಟರಾಯಿತು, ಪೆಟ್ಟಿಗೆ ದಿನವೂ ಪರೀಕ್ಷೆಯಲ್ಲೇ ಇರುತ್ತದೆ.

“ಅಂಜಿಕಿಂದರ ನೆಟ್ಟಗ ನಡೀತದಲ್ಲ ಕಸ್ತೂರಿ ಅವ್ರ. ನಮಗ ಬೇಕಾಗಿದ್ದು ಅಷ್ಟ,” ಎಂದರು.

ಅವಳಿಗೆ ಒಪ್ಪಿಗೆಯಾಗಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಮಾಯಾರಸ್ತೆಗೆ ಜೋಡಿಸಿದಳು. ಈ ಸಲ ಪ್ರತಿ ಪಯಣದ ಮೊದಲೂ ಮೂರು ತಿರುವು, ಆದರೆ ನಿಜವಾದ ರಸ್ತೆಯಂತೆಯೇ, ನಿಲ್ಲಿಸಿದ್ದಕ್ಕೆ ಅಂಕವಿಲ್ಲ. ಮೊದಲ ವರ್ಷದ ದಾರಿ ನಿರ್ವಿಘ್ನವಾಗಿ ಕಳೆಯಿತು. ಎರಡನೆಯದೂ ಕಳೆಯಿತು. ನರಗುಂದಕರ ಚಹಾ ತರಿಸಿದರು. ನಾಲ್ಕನೆಯ ವರ್ಷದ ಮಳೆಗಾಲದಲ್ಲಿ, ಅದೇ ಘಟ್ಟದ ತಿರುವಿನಲ್ಲಿ, ಬ್ರೇಕ್ ತಡವಾಯಿತು. ಮೂರು ತಿರುವಿದ್ದರೂ ನಿಲ್ಲಿಸಿದ್ದಕ್ಕೆ ಅಂಕವೇ ಬರುವುದಿಲ್ಲವೆಂದು ಪೆಟ್ಟಿಗೆಗೆ ತಿಳಿದುಹೋಗಿತ್ತು. ಅಡ್ಡ ಬಂದದ್ದು ಎಮ್ಮೆಯಲ್ಲ, ಶಾಲೆಯ ಮಕ್ಕಳು.

“ಸೋಮವಾರ ಬಸ್ಸು ಹೊರಡೂದು ಬ್ಯಾಡ ಸರ್. ಒಳಗ ನನ್ನ ತಮ್ಮ ಇರ್ತಾನ,” ಎಂದಳು ಕಸ್ತೂರಿ.

ನರಗುಂದಕರ ಚಹಾ ಮುಟ್ಟದೆ ಎದ್ದು, ಬಸ್ಸುಗಳನ್ನು ತಡೆಯಲು ಫೋನು ತೆಗೆದುಕೊಂಡರು. ಪೆಟ್ಟಿಗೆಗೆ ಮೊದಲಿನಿಂದ ಕಲಿಸಬೇಕು. ಯಾವ ಗುರುತೂ ಇಲ್ಲದೆ, ರಸ್ತೆಯಲ್ಲೂ ಮೊದಲ ಅಂಕ ಜೀವಕ್ಕೇ ಎಂದು. ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೋ ಅವರಿಗೂ ತಿಳಿದಿರಲಿಲ್ಲ. ಈ ಜಾಣತನ ಅದಕ್ಕೆ ಎಲ್ಲಿಂದ ಬಂತೆಂದು ಮಾತ್ರ ಮತ್ತೆ ಮತ್ತೆ ಕೇಳಿಕೊಂಡರು.

ಸಂಜೆ ಬಸವಂತ ಅಕ್ಕನನ್ನು ಸ್ಕೂಟರಿನಲ್ಲಿ ಮನೆಗೆ ಕರೆದೊಯ್ದ. ಜುಬಿಲಿ ಸರ್ಕಲ್ಲಿನ ಕ್ಯಾಮೆರಾ ಹತ್ತಿರವಾದಂತೆ ಸಾಲಿನ ಗಾಡಿಗಳೆಲ್ಲ ಮೆತ್ತಗಾದವು. ಬಸವಂತನೂ ನಿಧಾನಿಸಿದ, ಹ್ಯಾಂಡಲಿಗೆ ತೂಗುಹಾಕಿದ್ದ ಹೆಲ್ಮೆಟ್ ತಲೆಗೇರಿಸಿದ. ಕಂಬ ದಾಟಿದ್ದೇ ತಡ, ಎಲ್ಲರೂ ಒಟ್ಟಿಗೆ ನುಗ್ಗಿದರು. ಹೆಲ್ಮೆಟ್ ಮತ್ತೆ ಹ್ಯಾಂಡಲಿಗೆ ಬಂತು.

“ಸಾವಕಾಶ ಹೋಗೋ,” ಎಂದಳು ಕಸ್ತೂರಿ.

“ಕ್ಯಾಮೆರಾ ದಾಟೇತಿ ಬಿಡವಾ.”

ಅವನನ್ನು ಬೈಯಬೇಕೆಂದು ಬಾಯಿ ತೆರೆದಳು. ಆಗ ಅವಳಿಗೆ ನೆನಪಾಯಿತು: ಪೆಟ್ಟಿಗೆಗೆ ಮೊಟ್ಟಮೊದಲು ರಸ್ತೆ ಕಲಿಸಿದ್ದು ಇದೇ ಊರಿನ ಸಾವಿರಾರು ಚಾಲಕರ ಓಡಾಟ ತೋರಿಸಿ. ಬೈಯದೆ ತನ್ನ ಗದ್ದ ಮುಟ್ಟಿಕೊಂಡಳು. ಅವಳ ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಚ್ಚಿಕೊಂಡೇ ಜೋತಾಡುತ್ತಿತ್ತು. ಬೆಳಗ್ಗೆ ಬರುವಾಗಲೂ ಹಾಗೇ ಇತ್ತು. ಯಾರೂ ನೋಡುತ್ತಿರಲಿಲ್ಲ. ಕಸ್ತೂರಿ ಅದನ್ನು ಬಿಗಿದುಕೊಂಡಳು.