ಎಂಟನೇ ಎಸಳು

‘ತಪ್ಪು ಮಾಡಿದ್ದು ನಾನೋ, ಇಡೀ ಊರೋ?’

ನೀಲಿ ಬಣ್ಣದ ಬ್ರಷ್ ಹಿಡಿದು ಹುಡುಗಿ ತನ್ನೊಳಗೇ ಕೇಳಿಕೊಂಡಳು. ಯಾವಾಗಲೂ ಪಿಸುಗುಟ್ಟುವ ಅವಳಿಗೆ ಕ್ಲಾಸಿನಲ್ಲಿ ಪಿಸು ಎಂದೇ ಹೆಸರು.

ಶಾಲೆಯ ಕಾಂಪೌಂಡ್ ಗೋಡೆಯುದ್ದಕ್ಕೂ ಇವತ್ತು ಮಕ್ಕಳೋ ಮಕ್ಕಳು. ಎಲ್ಲರೂ ಬಿಡಿಸುತ್ತಿದ್ದುದು ಒಂದೇ ಹೂವು. ಬಸ್‌ಸ್ಟಾಪಿನ ಟೈಲ್ಸ್ ಮೇಲೆ, ಬೇಕರಿಯ ಡಬ್ಬದ ಮೇಲೆ, ಊರಲ್ಲೆಲ್ಲ ಕಾಣುವ ಹೂವು.

“ಇವಳ ಹೂವಿಗೆ ಎಂಟು ಎಸಳು ನೋಡ್ರೋ. ಒಂದು ಫ್ರೀ ಕೊಟ್ಟಿದ್ದಾಳೆ,” ಎಂದ ಪಕ್ಕದ ಹುಡುಗ.

ಡ್ರಾಯಿಂಗ್ ಸರ್ ಬಂದು ನೋಡಿದರು. “ನಮ್ಮೂರ ಹೂವಿಗೆ ಏಳೇ ಎಸಳಮ್ಮ. ಒಂದು ಜಾಗ ಖಾಲಿ. ತಾತ ಮುತ್ತಾತನ ಕಾಲದಿಂದ ಹಾಗೇ ಇದೆ. ಊಟ ಆದಮೇಲೆ ಸರಿಮಾಡು.”

ಆದರೆ ತನ್ನ ಮನೆಯ ಗೋಡೆಗೆ ತೂಗುಹಾಕಿದ ಹಳೇ ಬಟ್ಟೆಯ ಹೂವಿಗೆ ಎಂಟು ಎಸಳಿತ್ತಲ್ಲ.

ಊಟದ ಬೆಲ್ ಹೊಡೆದದ್ದೇ ತಡ, ಪಿಸು ಎದುರು ಬೀದಿಯ ತನ್ನ ಮನೆಗೆ ಓಡಿದಳು. ಅಜ್ಜ ಅಜ್ಜಿ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಮರದ ಅಚ್ಚಿನಿಂದ ಹೂವು ಒತ್ತುತ್ತಿದ್ದರು.

“ಅಜ್ಜೀ, ಎಂಟನೇ ಎಸಳು ಎಲ್ಲಿ ಹೋಯ್ತು?”

“ನಿಮ್ಮಜ್ಜನ್ನೇ ಕೇಳು. ಹಡಗಿಂದ ಇಳಿಯುವಾಗ ಅಚ್ಚಿನ ಪೆಟ್ಟಿಗೆ ಬೀಳಿಸಿದ ಮಹಾರಾಯರು ಇವರೇ.”

“ಐವತ್ತು ವರ್ಷ ಆಯ್ತು, ಇನ್ನೂ ಬಿಡಲ್ಲ ನೋಡು,” ಅಜ್ಜ ನಕ್ಕ. “ಗೋಡೆ ಮೇಲಿನ ಬಟ್ಟೆ ಅದಕ್ಕೂ ಮುಂಚಿಂದು. ಈ ದೇಶಕ್ಕೆ ಬಂದಾಗ ಇದ್ದದ್ದು ಒಂದೇ ಅಚ್ಚು. ಒಂದು ಎಸಳು ಮುರಿದದ್ದರಲ್ಲೇ ಒತ್ತಿದ್ವಿ. ಆಮೇಲೆ ಸರಿಯಾದ್ದು ಕೆತ್ತಿದ್ರೆ ಯಾರಿಗೂ ಬೇಡ. ಖಾಲಿ ಜಾಗ ಇರೋ ಹೂವೇ ಕೊಡಿ ಅಂದ್ರು.”

ಹಾಗಾದರೆ ಬಸ್‌ಸ್ಟಾಪಿನಲ್ಲಿ, ಬೇಕರಿಯಲ್ಲಿ, ಶಾಲೆಯ ಗೋಡೆಯಲ್ಲಿ ಇರುವುದೆಲ್ಲ ಅಜ್ಜ ಬೀಳಿಸಿದ ಪೆಟ್ಟಿಗೆಯ ಗುರುತು.

“ಸರ್‌ಗೆ ಹೇಳ್ಲಾ?”

“ಬೇಡ ಬಿಡು. ತಮ್ಮದು ಅಂದುಕೊಂಡಿದ್ದಾರೆ, ಅವರದೇ ಆಗ್ಲಿ,” ಎಂದಳು ಅಜ್ಜಿ. ಆದರೂ ಅವಳ ಬೆರಳು ಅಚ್ಚಿನ ಮುರಿದ ಅಂಚನ್ನು ಸವರುತ್ತಲೇ ಇತ್ತು.

ಪಿಸು ಅದನ್ನು ನೋಡಿದಳು.

ಶಾಲೆಗೆ ಮರಳಿ, ಒದ್ದೆ ಬಟ್ಟೆಯಿಂದ ಎಂಟನೇ ಎಸಳನ್ನು ತಾನೇ ನಿಧಾನವಾಗಿ ಒರೆಸಿದಳು.

“ಈಗ ಸರಿಯಾಯ್ತು,” ಎಂದು ಸರ್ ಮುಂದೆ ಹೊರಟರು.

‘ಈಗ ಬಿಟ್ಟರೆ ಇನ್ಯಾವತ್ತೂ ಹೇಳಲ್ಲ.’

“ಸರ್.”

ಗೋಡೆಯುದ್ದಕ್ಕೂ ಬ್ರಷ್‌ಗಳು ನಿಂತವು. ಪಿಸುವಿನ ದನಿ ಇಷ್ಟು ದೊಡ್ಡದೆಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

“ಈ ಖಾಲಿ ಜಾಗ ಇದೆಯಲ್ಲ ಸರ್, ಇದು ನಮ್ಮಜ್ಜ ಅಜ್ಜಿ ಹಡಗಲ್ಲಿ ತಂದಿದ್ದು.”